ನಡುವರ್ಷದಲ್ಲಿ ಬಿಟ್ಟುಹೋಗುವ ತಾತ್ಕಾಲಿಕ ಅಧ್ಯಾಪಕರು

ಕ್ರಿಸ್ಮಸ್ ರಜೆ ಕಳೆದು ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಹೆತ್ತವರಿಂದ ವರ್ಷ ವರ್ಷವೂ ಒಂದೇ ಬಗೆಯ ದೂರು ಕೇಳಿಬರುತ್ತದೆ. ಜೂನಿನಲ್ಲಿ ಸೇರಿದ್ದ ತಾತ್ಕಾಲಿಕ ಅಧ್ಯಾಪಕರು ಮಾರ್ಚಿನ ತನಕ ನಿಲ್ಲಲಿಲ್ಲ. ಹತ್ತನೆಯ ತರಗತಿಯ ಗಣಿತಕ್ಕೋ ಭೌತಶಾಸ್ತ್ರಕ್ಕೋ ಈಗ ಜನವಿಲ್ಲ. ಪರೀಕ್ಷೆ ಹತ್ತಿರ ಬಂತು, ಮಕ್ಕಳ ಗತಿಯೇನು? ಈ ಸಲ ನಮಗೆ ಬಂದ ಪತ್ರವೊಂದರಲ್ಲಿ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹೀಗೆ ನಡುವರ್ಷದಲ್ಲಿ ಬಿಟ್ಟುಹೋಗುವುದು ಭಾಷಾದ್ರೋಹವೆಂದೂ, ಮುಂದಿನ ವರ್ಷದಿಂದ ಕನ್ನಡ ಶಾಲೆಗಳಿಗೆ ಸೇರುವ ತಾತ್ಕಾಲಿಕ ಅಧ್ಯಾಪಕರಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂದೂ, ಅವರ ಅಸಲು ಪ್ರಮಾಣಪತ್ರಗಳನ್ನು ವರ್ಷಾಂತ್ಯದವರೆಗೆ ಶಾಲೆಯ ಕಪಾಟಿನಲ್ಲಿ ಇರಿಸಿಕೊಳ್ಳಬೇಕೆಂದೂ ಪತ್ರ ಬರೆದ ಹೆತ್ತವರು ಸೂಚಿಸಿದ್ದಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಅವರ ಪರಿಹಾರವನ್ನು ಮಾತ್ರ ನಾವು ಒಪ್ಪಲಾರೆವು.

ಮೊದಲು ಈ ತಾತ್ಕಾಲಿಕ ನೇಮಕಾತಿ ಎಂಬುದು ಏನೆಂದು ಸ್ವಲ್ಪ ನೋಡಬೇಕು. ಕೇರಳದಲ್ಲಿ ಇದಕ್ಕೆ ಮುಖ್ಯವಾಗಿ ಎರಡು ದಾರಿಗಳು. ಉದ್ಯೋಗ ವಿನಿಮಯ ಕೇಂದ್ರದ ಮೂಲಕ ಬರುವವರು ರಾಜ್ಯ ಸೇವಾ ನಿಯಮಗಳ ಒಂಬತ್ತನೆಯ ನಿಯಮದಡಿ 180 ದಿನಗಳನ್ನು ಮೀರದಂತೆ ನೇಮಕವಾಗುತ್ತಾರೆ. ವಾಡಿಕೆಯಲ್ಲಿ 179 ದಿನಕ್ಕೇ ಆ ನೂಲು ತುಂಡಾಗುತ್ತದೆ. ಶಾಲೆಯಲ್ಲೇ ಸಂದರ್ಶನ ನಡೆಸಿ ತೆಗೆದುಕೊಳ್ಳುವವರು ದಿನಗೂಲಿಯವರು. ಪಾಠ ಮಾಡಿದ ದಿನಕ್ಕೆ ಕೂಲಿ, ಬೇಸಿಗೆ ರಜೆಗೆ ಕೂಲಿಯಿಲ್ಲ. ಲೋಕಸೇವಾ ಆಯೋಗದ ಪಟ್ಟಿಯಿಂದ ಒಬ್ಬರು ಬಂದರೆ, ಅಥವಾ ದೀರ್ಘರಜೆಯಲ್ಲಿದ್ದವರು ಮರಳಿದರೆ, ಅದೇ ದಿನ ಸಂಜೆ ದಿನಗೂಲಿಯವರು ಚೀಲ ಹಿಡಿದು ಮನೆಗೆ ಹೋಗತಕ್ಕದ್ದು. ಅವರಿಗೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ. ಎಷ್ಟೋ ವರ್ಷ ಹೀಗೆ ದುಡಿದರೂ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಉಮಾದೇವಿ ಪ್ರಕರಣವೆಂದೇ ಹೆಸರಾದ ಕರ್ನಾಟಕದ ಮೊಕದ್ದಮೆಯಲ್ಲಿ 2006ರಲ್ಲೇ ತೀರ್ಪಿತ್ತಿದೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ 2016ರಲ್ಲಿ ಹೇಳಿದ್ದುಂಟು. ಆದರೆ ದಿನಗೂಲಿ ಅಧ್ಯಾಪಕರ ಮನೆಯಲ್ಲಿ ಆ ತೀರ್ಪಿನ ಬೆಳಕು ಎಷ್ಟು ಬಿದ್ದಿದೆಯೆಂದು ಅವರನ್ನೇ ಕೇಳಬೇಕು.

ಹೀಗಿರುವಾಗ, ಇತ್ತ ಶಾಲೆಗೆ ಬೇಡವಾದಾಗ ಒಂದೇ ದಿನದಲ್ಲಿ ಬಿಡಿಸಬಹುದಾದ ವ್ಯಕ್ತಿಯನ್ನು, ಅತ್ತ ಅವರಿಗೆ ಒಳ್ಳೆಯ ಕೆಲಸ ಸಿಕ್ಕಿದಾಗ ಬಿಡಬಾರದೆಂದು ಕಟ್ಟಿಹಾಕುವುದು ಯಾವ ನ್ಯಾಯ? ನಮಗೆ ಬಂದ ಪತ್ರದ ಬಗ್ಗೆ ನಾವು ವಿಚಾರಿಸಿದಾಗ ತಿಳಿದುಬಂದ ಸಂಗತಿಯೊಂದನ್ನು ಇಲ್ಲಿ ಹೇಳಿಬಿಡುತ್ತೇವೆ. ಬಿಟ್ಟುಹೋದ ಆ ಅಧ್ಯಾಪಿಕೆಗೆ ಎರಡು ತಿಂಗಳ ಕೂಲಿ ಬಾಕಿಯಿತ್ತು. ಬಿಲ್ಲು ಯಾವುದೋ ಮೇಜಿನ ಮೇಲೆ ಯಾವುದೋ ಸಹಿಗಾಗಿ ಕಾದಿತ್ತು. ಎರಡು ಬಸ್ಸು ಬದಲಿಸಿ ಬರುತ್ತಿದ್ದ ಆಕೆಗೆ ಬಸ್ಸಿನ ಕಂಡಕ್ಟರು ಸಾಲ ಕೊಡುವುದಿಲ್ಲ. ಈ ವಿಷಯ ಪತ್ರ ಬರೆದ ಹೆತ್ತವರಿಗೆ ತಿಳಿದಿರಲಿಲ್ಲವೆಂದೇ ನಾವು ನಂಬಿದ್ದೇವೆ.

ಕೆಲಸ ಬಿಟ್ಟವನನ್ನು ಹಿಡಿದು ತರುವ ಯೋಚನೆ ನಮ್ಮ ಸೀಮೆಗೆ ಹೊಸದಲ್ಲ. ತೆಂಕಣ ಕನ್ನಡ ಜಿಲ್ಲೆಯಿಂದ ಘಟ್ಟದ ಮೇಲಿನ ಕಾಫಿ ತೋಟಗಳಿಗೆ, ಕೊಡಗಿಗೆ, ವಯನಾಡಿಗೆ ಆಳುಗಳು ಮುಂಗಡ ಪಡೆದು ಹೋಗುತ್ತಿದ್ದ ಕಾಲವಿತ್ತು. ಬ್ರಿಟಿಷ್ ಸರಕಾರ 1859ರಲ್ಲಿ ಕೂಲಿಯಾಳುಗಳ ಕರಾರುಭಂಗಕ್ಕೆಂದೇ ಒಂದು ಕಾಯಿದೆ ಮಾಡಿತ್ತು. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ತರಿಸಿ, ಹಣ ಹಿಂದಿರುಗಿಸು ಇಲ್ಲವೇ ಕೆಲಸಕ್ಕೆ ಮರಳು ಎಂದು ಆಜ್ಞೆ ಮಾಡಿಸಬಹುದಿತ್ತು. ಕೇಳದಿದ್ದರೆ ಮೂರು ತಿಂಗಳವರೆಗೆ ಜೈಲು. ಚಳಿಜ್ವರಕ್ಕೆ ಹೆದರಿ ಘಟ್ಟ ಇಳಿದು ಓಡಿಬಂದವನೂ ಈ ಕಾಯಿದೆಯ ಕಣ್ಣಿಗೆ ಅಪರಾಧಿಯೇ. ಅದನ್ನು ತೆಗೆದುಹಾಕುವ ಕಾನೂನು ಬರಲು 1925ರವರೆಗೆ ಕಾಯಬೇಕಾಯಿತು. ಸ್ವತಂತ್ರ ಭಾರತದ ಸಂವಿಧಾನದ 23ನೆಯ ವಿಧಿಯು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿತು. ನಮ್ಮ ಅಜ್ಜಂದಿರ ಬೆನ್ನ ಮೇಲಿಂದ ಇಳಿದ ಆ ನೊಗವನ್ನು ಬೇರೊಂದು ಹೆಸರಿನಲ್ಲಿ ಮೊಮ್ಮಕ್ಕಳ ಹೆಗಲಿಗೇರಿಸುವುದು, ಅದೂ ಕನ್ನಡದ ಹೆಸರಿನಲ್ಲಿ, ನಮಗೆ ಸರಿಕಾಣದು.

ಇಂದಿನ ಕಾನೂನು ಏನು ಹೇಳುತ್ತದೆ? ವ್ಯಕ್ತಿಯೊಬ್ಬನ ಸ್ವಂತ ಯೋಗ್ಯತೆಯನ್ನೇ ನೆಚ್ಚಿಕೊಂಡ ಕರಾರನ್ನು ನ್ಯಾಯಾಲಯವು ಬಲವಂತದಿಂದ ನಡೆಸಿಕೊಡುವುದಿಲ್ಲವೆಂಬುದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ತಿರುಳು. ಅಂದರೆ ಮನಸ್ಸಿಲ್ಲದ ಅಧ್ಯಾಪಕನನ್ನು ತಂದು ಕರಿಹಲಗೆಯ ಮುಂದೆ ನಿಲ್ಲಿಸುವ ಶಕ್ತಿ ಯಾವ ಕೋರ್ಟಿಗೂ ಇಲ್ಲ; ನಿಲ್ಲಿಸಿದರೂ ಅವನು ಕಲಿಸುವುದೇನು? ಕರಾರು ಮುರಿದರೆ ನಷ್ಟ ಕೇಳಬಹುದು. ಆದರೆ 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ ಬರೆಸಿಕೊಂಡ ಮೊತ್ತವೆಲ್ಲ ಸಿಕ್ಕಿಯೇ ತೀರುತ್ತದೆಂದಲ್ಲ. ಆ ಮೊತ್ತ ಒಂದು ಮಿತಿ ಮಾತ್ರ, ಅದರೊಳಗೆ ನ್ಯಾಯಸಮ್ಮತವಾದುದಷ್ಟೇ ಸಲ್ಲುತ್ತದೆ. ಪ್ರಮಾಣಪತ್ರಗಳ ವಿಷಯವಂತೂ ಸ್ಪಷ್ಟ. ಅವು ಅಡವಿಡುವ ಚಿನ್ನವಲ್ಲ. ಪರಿಶೀಲಿಸಿ ಮರಳಿ ಕೊಡತಕ್ಕ ಕಾಗದಗಳನ್ನು ಒತ್ತೆಯಾಗಿ ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾವ ವ್ಯವಸ್ಥಾಪಕರಿಗೂ ಇಲ್ಲ. ಕೆಲವು ಖಾಸಗಿ ಸಂಸ್ಥೆಗಳಲ್ಲಿ ಈ ಪದ್ಧತಿ ಬೇರೂರಿದೆಯೆಂದ ಮಾತ್ರಕ್ಕೆ ಅದು ಕನ್ನಡ ಶಾಲೆಗಳಿಗೆ ಅನುಕರಣೀಯವಾಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ ಕೆಲವರು 2025ರ ಮೇ ತಿಂಗಳ ವಿಜಯಾ ಬ್ಯಾಂಕಿನ ತೀರ್ಪನ್ನು ಎತ್ತಿ ತೋರಿಸುವುದುಂಟು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ಆ ಬ್ಯಾಂಕು ನಮ್ಮವರಿಗೆಲ್ಲ ಚಿರಪರಿಚಿತ. ಅಲ್ಲಿ ಹಿರಿಯ ಹುದ್ದೆಯೊಂದಕ್ಕೆ 2007ರಲ್ಲಿ ಸೇರಿದ್ದ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆಯಿತ್ತರು. ಕರಾರಿನಂತೆ ಎರಡು ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತರೂ, ಸರ್ವೋಚ್ಚ ನ್ಯಾಯಾಲಯವು ಆ ಷರತ್ತು ಕಾನೂನುಬಾಹಿರವಲ್ಲ, ಸಾರ್ವಜನಿಕ ಬ್ಯಾಂಕೊಂದು ಬಹಿರಂಗ ಪರೀಕ್ಷೆ ನಡೆಸಿ ಆಯ್ಕೆ ಮಾಡಿದವರು ಅಕಾಲದಲ್ಲಿ ಹೋದರೆ ಮತ್ತೆ ಅಷ್ಟೂ ವೆಚ್ಚ ಮಾಡಬೇಕಾಗುತ್ತದೆಂದು ಹೇಳಿತು. ತೀರ್ಪಿನ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಅದು ಕಾಯಂ ಹುದ್ದೆಯ ಮಾತು, ಒಳ್ಳೆಯ ಸಂಬಳದ ಮಾತು. ಆ ಅಧಿಕಾರಿಗೆ ಬ್ಯಾಂಕು ಕೊಡುವುದಾಗಿ ಮಾತು ಕೊಟ್ಟದ್ದು ಬಹಳವಿತ್ತು, ಆದುದರಿಂದ ಕೇಳುವುದಕ್ಕೂ ಅದಕ್ಕೆ ಮುಖವಿತ್ತು. ಒಂದು ಬೆಳಗ್ಗೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಸಂದರ್ಶನ ಮುಗಿಸಿ ಮಧ್ಯಾಹ್ನವೇ ತರಗತಿಗೆ ಕಳುಹಿಸಿದ ದಿನಗೂಲಿಯವರಿಗೆ ಈ ತೀರ್ಪಿನ ದಾರ ಕಟ್ಟಲು ಬರುವುದಿಲ್ಲ.

ಹಾಗಾದರೆ ಯಾರು ಯಾವಾಗ ಬೇಕಾದರೂ ಎದ್ದುಹೋಗಬಹುದೆಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ಹೋಗುವ ಹಕ್ಕು ಬೇರೆ, ಹೋಗುವ ರೀತಿ ಬೇರೆ. ಭಾನುವಾರ ರಾತ್ರಿ ಫೋನಿನಲ್ಲಿ ಎರಡು ಸಾಲಿನ ಸಂದೇಶ ಕಳುಹಿಸಿ ಸೋಮವಾರ ಬಾರದೆ ಇರುವುದನ್ನು ನಾವು ಎಷ್ಟು ಮಾತ್ರಕ್ಕೂ ಸಮರ್ಥಿಸಲಾರೆವು. ಅದರಲ್ಲಿಯೂ ಕನ್ನಡ ಮಾಧ್ಯಮದ ತರಗತಿಯನ್ನು ಹಾಗೆ ಬಿಟ್ಟುಹೋಗುವುದರ ಪರಿಣಾಮ ಬೇರೆಯವರ ಊಹೆಗೆ ನಿಲುಕದು.

ಮಲಯಾಳ ಮಾಧ್ಯಮದ ತರಗತಿಯಿಂದ ಒಬ್ಬರು ಹೋದರೆ ಪಕ್ಕದ ಊರಿನಿಂದ ವಾರದೊಳಗೆ ಇನ್ನೊಬ್ಬರು ಸಿಗುತ್ತಾರೆ. ಸಂದರ್ಶನಕ್ಕೆ ಸಾಲು ನಿಲ್ಲುವವರಿದ್ದಾರೆ. ನಮ್ಮಲ್ಲಿ ಹಾಗಲ್ಲ. ವಿಷಯದಲ್ಲಿ ಪದವಿ ಬೇಕು, ತರಬೇತಿ ಬೇಕು, ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇವೆಲ್ಲದರ ಮೇಲೆ ಕನ್ನಡದಲ್ಲಿ ಕಲಿಸಲು ಬರಬೇಕು. ಮಂಗಳೂರಿನಲ್ಲಿ ಪದವಿ ಪಡೆದವರಿಗೆ ಕನ್ನಡವಿದೆ, ಇಲ್ಲಿನ ಅರ್ಹತಾ ಪರೀಕ್ಷೆಯಿರುವುದಿಲ್ಲ. ಇಲ್ಲಿ ಅರ್ಹತೆಯಿರುವವರಲ್ಲಿ ಕನ್ನಡ ಬಲ್ಲವರು ಬೆರಳೆಣಿಕೆಯವರು. ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಯ ಒಳನಾಡಿನ ಶಾಲೆಯಾದರೆ ಬಸ್ಸಿನ ಸಮಯ ನೋಡಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಆದುದರಿಂದ ಜನವರಿಯಲ್ಲಿ ತೆರವಾದ ಕುರ್ಚಿ ಎಷ್ಟೋ ಕಡೆ ಮಾರ್ಚಿನವರೆಗೂ ತೆರವಾಗಿಯೇ ಇರುತ್ತದೆ. ಕೊನೆಗೆ ಯಾರಾದರೂ ಬಂದರೂ ಅವರು ಕನ್ನಡ ಓದಲು ಬಾರದವರಾಗಿರುವ ಸಂಭವವುಂಟು. ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಹೆತ್ತವರೂ ಮಕ್ಕಳೂ ಶಾಲೆಯ ಮುಂದೆ ಪ್ರತಿಭಟಿಸಿದ್ದನ್ನು ಓದುಗರು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದಾರೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡ ಅಕ್ಷರಗಳ ಮೂಲಕ ಲೋಕ ಕಾಣುತ್ತಾರೆ. ಅವರ ಮುಂದೆ ಮೂರನೆಯ ಭಾಷೆಯಲ್ಲಿ ನೇತ್ರಮಸೂರದ ಪಾಠ ಮಾಡಿದರೆ ಕಾಣುವುದೇನು? ಹೀಗೆ ಒಂದೆರಡು ವರ್ಷ ನಡೆದರೆ ಹೆತ್ತವರು ಮಗುವಿನ ವರ್ಗಾವಣೆ ಪತ್ರ ಕೇಳಿಕೊಂಡು ಬರುತ್ತಾರೆ, ಮಕ್ಕಳ ಸಂಖ್ಯೆ ಇಳಿದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆಯೇ ಹೋಗುತ್ತದೆ. ಬಿಟ್ಟುಹೋದವರು ಯಾವ ಕಾಯಂ ಹುದ್ದೆಯ ಕನಸು ಕಂಡಿದ್ದರೋ ಆ ಹುದ್ದೆಯೂ ಅದರಲ್ಲಿ ಸೇರಿರಬಹುದು.

ಈ ಕಾರಣದಿಂದ ನಮ್ಮ ತರುಣ ಅಧ್ಯಾಪಕ ಅಧ್ಯಾಪಿಕೆಯರಲ್ಲಿ ನಮ್ಮದು ಕೆಲವು ವಿನಂತಿ. ಮೊದಲನೆಯದು ವೇಳೆಯ ವಿಚಾರ. ನಮ್ಮ ಶಾಲಾ ವರ್ಷಕ್ಕೆ ಎರಡು ಕೀಲುಗಳಿವೆ: ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ. ಹೋಗುವುದೇ ಆದರೆ ಆ ಕೀಲಿನಲ್ಲಿ ಹೋದರೆ ನೋವು ಕಡಿಮೆ. ಪಾಠದ ಒಂದು ಭಾಗ ಮುಗಿದಿರುತ್ತದೆ, ಉತ್ತರಪತ್ರಿಕೆ ತಿದ್ದಿಯಾಗಿರುತ್ತದೆ, ಹತ್ತು ದಿನದ ರಜೆಯಲ್ಲಿ ಬದಲಿಯನ್ನು ಹುಡುಕಲು ಮುಖ್ಯೋಪಾಧ್ಯಾಯರಿಗೆ ಅವಕಾಶವಿರುತ್ತದೆ. ಬೇರೆ ಕಡೆ ಅರ್ಜಿ ಹಾಕಿದ್ದನ್ನು ಮುಚ್ಚಿಡುವ ಅಗತ್ಯವಿಲ್ಲ. ತಾತ್ಕಾಲಿಕದವರು ಅರ್ಜಿ ಹಾಕದಿದ್ದರೇ ಆಶ್ಚರ್ಯ.

ಲೋಕಸೇವಾ ಆಯೋಗದ ಮೂಲಕ ಕಾಯಂ ನೇಮಕಾತಿ ಸಿಕ್ಕಿದವರು ಇನ್ನೂ ಒಂದು ಸಂಗತಿ ತಿಳಿದಿರಬೇಕು. ಒಂದು ದಿನ ತಡವಾದರೆ ಹಿರಿತನ ಹೋಯಿತೆಂಬ ಭಯದಿಂದ ಆದೇಶ ಕೈಗೆ ಬಂದ ಮರುದಿನವೇ ಓಡುವವರಿದ್ದಾರೆ. ಕೇರಳ ಸೇವಾ ನಿಯಮಗಳ 27ನೆಯ ನಿಯಮದಂತೆ ಹೀಗೆ ನೇಮಕವಾದವರ ಹಿರಿತನವನ್ನು ಎಣಿಸುವುದು ಆಯೋಗವು ಹೆಸರನ್ನು ಶಿಫಾರಸು ಮಾಡಿದ ದಿನಾಂಕದಿಂದ, ಹಾಜರಾದ ದಿನದಿಂದಲ್ಲ. ಸಂಬಳ ಮತ್ತು ವಾರ್ಷಿಕ ಬಡ್ತಿ ಹಾಜರಾದ ದಿನದಿಂದ ಲೆಕ್ಕವಾಗುವುದು ನಿಜ, ಆದೇಶದಲ್ಲಿ ಹೇಳಿದ ಅವಧಿ ದಾಟಬಾರದೆಂಬುದೂ ನಿಜ. ಆದರೂ ಆ ಅವಧಿಯೊಳಗೆ ನಾಲ್ಕು ದಿನ ಉಳಿದು, ನಡುವೆ ನಿಂತ ಪಾಠವನ್ನು ಮುಗಿಸಿ, ಮಕ್ಕಳಿಗೆ ಮುಖ ತೋರಿಸಿ ಹೋಗುವುದರಿಂದ ಹಿರಿತನಕ್ಕೆ ಕುಂದಿಲ್ಲ. ಶಿಫಾರಸು ಪತ್ರಕ್ಕೂ ನೇಮಕಾತಿ ಆದೇಶಕ್ಕೂ ನಡುವೆ ಹೇಗೂ ಕೆಲವು ವಾರಗಳು ಹೋಗುತ್ತವೆ. ಶಿಫಾರಸು ಬಂದ ದಿನವೇ ಶಾಲೆಗೆ ತಿಳಿಸಿದರೆ ಮುನ್ಸೂಚನೆ ತಾನಾಗಿಯೇ ಕೊಟ್ಟಂತಾಯಿತು.

ಇನ್ನು ಒಪ್ಪಿಸಿ ಹೋಗುವ ಕ್ರಮ. ರಾಜೀನಾಮೆಯನ್ನು ಕಾಗದದಲ್ಲಿ ದಿನಾಂಕ ಹಾಕಿ ಬರೆದುಕೊಡಿ, ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಮುಂದೆ ಅನುಭವ ಪತ್ರಕ್ಕೂ ಬಾಕಿ ಕೂಲಿಗೂ ಅದೇ ಆಧಾರ. ಪಾಠ ಎಲ್ಲಿಯವರೆಗೆ ಆಗಿದೆ, ನಿರಂತರ ಮೌಲ್ಯಮಾಪನದ ಅಂಕಗಳು ಎಲ್ಲಿವೆ, ಪ್ರಯೋಗಶಾಲೆಯ ಕೀಲಿ ಯಾರಲ್ಲಿದೆ ಎಂಬುದೆಲ್ಲ ಒಂದು ಹಾಳೆಯಲ್ಲಿ ಬರೆದರೆ ಸಾಕು. ಇದಕ್ಕಿಂತ ಮುಖ್ಯವಾದುದು ಯಾವ ದಾಖಲೆಯಲ್ಲಿಯೂ ಇರದ ತಿಳುವಳಿಕೆ: ಹಿಂದಿನ ಬೆಂಚಿನ ಹುಡುಗನಿಗೆ ಭಿನ್ನರಾಶಿ ಇನ್ನೂ ಹಿಡಿತಕ್ಕೆ ಬಂದಿಲ್ಲ, ಆ ಹುಡುಗಿಗೆ ಹಲಗೆಯ ಅಕ್ಷರ ಕಾಣುವುದಿಲ್ಲವಾದರೂ ಹೇಳಲು ನಾಚಿಕೆ, ಇನ್ನೊಬ್ಬ ಬೆಳಗ್ಗೆ ಅಡಿಕೆ ಹೆಕ್ಕಿ ಬರುವವನಾದುದರಿಂದ ಮೊದಲನೆಯ ಗಂಟೆಗೆ ಅವನಿಂದ ಹೆಚ್ಚು ಅಪೇಕ್ಷಿಸಬಾರದು. ಆರು ತಿಂಗಳಲ್ಲಿ ಕಲಿತ ಈ ಸಂಗತಿಗಳು ಅಧ್ಯಾಪಕರ ಜತೆ ಹೊರಟುಹೋದರೆ ಮುಂದೆ ಬರುವವರು ಮತ್ತೆ ಆರು ತಿಂಗಳು ಕಲಿಯಬೇಕು. ಪರೀಕ್ಷೆಗೆ ಇರುವುದು ಎಂಟೇ ವಾರ.

ಮುಖ್ಯೋಪಾಧ್ಯಾಯರೂ ರಕ್ಷಕ-ಶಿಕ್ಷಕ ಸಂಘಗಳೂ ಮಾಡಬಹುದಾದುದು ಕಡಿಮೆಯಲ್ಲ. ಜೂನಿನ ಸಂದರ್ಶನದಲ್ಲಿ ಒಬ್ಬರನ್ನು ಆಯ್ದು ಉಳಿದವರ ಅರ್ಜಿಗಳನ್ನು ಕಟ್ಟಿಡುವ ಬದಲು, ಎರಡನೆಯ ಮೂರನೆಯ ಸ್ಥಾನದವರ ಹೆಸರೂ ದೂರವಾಣಿಯೂ ಕೈಗೆಟುಕುವಂತಿರಲಿ. ಹತ್ತಿರದ ನಾಲ್ಕಾರು ಕನ್ನಡ ಶಾಲೆಗಳು ಈ ಪಟ್ಟಿಯನ್ನು ತಮ್ಮೊಳಗೆ ಹಂಚಿಕೊಂಡರೆ ಇನ್ನೂ ಲೇಸು. ಕೇರಳದಲ್ಲಿ 2013ಕ್ಕಿಂತ ಮೊದಲು ಸೇವೆಗೆ ಸೇರಿದ ಅಧ್ಯಾಪಕರು 56ನೆಯ ವಯಸ್ಸಿಗೇ ನಿವೃತ್ತರಾಗುತ್ತಾರೆ. ಕಂಠದಲ್ಲಿ ಕಸುವೂ ಮನಸ್ಸಿನಲ್ಲಿ ಹುರುಪೂ ಇರುವ ಇಂಥ ನಿವೃತ್ತ ಕನ್ನಡ ಅಧ್ಯಾಪಕರು ಗ್ರಾಮ ಗ್ರಾಮದಲ್ಲಿಯೂ ಇದ್ದಾರೆ. ಬದಲಿ ಬರುವ ತನಕ ಮೂರು ವಾರ ತರಗತಿಯನ್ನು ಹಿಡಿದುಕೊಳ್ಳಿರೆಂದು ಮನೆಗೆ ಹೋಗಿ ಕೇಳಿದರೆ ಒಲ್ಲೆನೆನ್ನುವವರು ವಿರಳ. ಕೇಳುವವರು ಬೇಕು, ಅಷ್ಟೆ. ದಿನಗೂಲಿಯ ಬಿಲ್ಲು ತಿಂಗಳು ಮೀರದಂತೆ ನೋಡಿಕೊಳ್ಳುವುದು ಅಧ್ಯಾಪಕರನ್ನು ನಿಲ್ಲಿಸಿಕೊಳ್ಳುವ ಉಪಾಯಗಳಲ್ಲೆಲ್ಲ ಅತ್ಯಂತ ಅಗ್ಗದ್ದು. ಹೊರಡುವವರಿಗೆ ಅನುಭವ ಪತ್ರ ಕೊಡಲು ಸತಾಯಿಸುವ ಸಣ್ಣತನವಂತೂ ಬೇಡ. ಇಂದು ಮುನಿಸಿನಿಂದ ಕಳುಹಿಸಿದವರು ನಾಳೆ ಅದೇ ಶಾಲೆಗೆ ಕಾಯಂ ಆಗಿ ಬರುವುದುಂಟು.

ಹೆತ್ತವರಲ್ಲಿ ಕೆಲವರು ಹಿಂದಿನವರ ತ್ಯಾಗವನ್ನು ನೆನಪಿಸುತ್ತಾರೆ. ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳಂಥವರ ಹೆಸರು ಬಂದಾಗ ನಮಗೂ ಹೆಮ್ಮೆಯೇ. ಆದರೆ ಅವರಿಗೆ ನಿಂತು ದುಡಿಯಲು ಒಂದು ಕಾಯಂ ನೆಲೆಯಿತ್ತೆಂಬುದನ್ನೂ ಮರೆಯಬಾರದು. ಮಾರ್ಚ್ ಕಳೆದರೆ ಎಲ್ಲಿರುತ್ತೇನೆಂದು ತಿಳಿಯದ ಇಪ್ಪತ್ತೈದರ ತರುಣಿಯಿಂದ ಅದೇ ನಿಲುಗಡೆಯನ್ನು ಬಯಸುವುದು ಬಹಳವಾಯಿತು.

ಮೂಲದ ಮಾತು ಸರಕಾರಕ್ಕೆ ಸೇರಿದ್ದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಆ ವಿಧಿಯೂ ಸಂವಿಧಾನಕ್ಕೆ ಸೇರಿತೆಂಬುದು ಕಾಕತಾಳೀಯವಲ್ಲ. ರಾಜ್ಯಗಳ ಪುನರ್ವಿಂಗಡಣೆಯಿಂದ ಗಡಿಯಾಚೆ ಉಳಿದವರಿಗೆಂದೇ ಅದು ಬಂದದ್ದು. ಶಾಲೆಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತೆರವಿರಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 26ನೆಯ ಕಲಮು ವಿಧಿಸಿದೆ. ಐದು ಹುದ್ದೆಗಳ ಕನ್ನಡ ಶಾಲೆಯಲ್ಲಿ ಒಂದು ತೆರವಾದರೂ ಅದು ಶೇಕಡಾ 20. ಲೆಕ್ಕ ಮಾಡಲು ಗಣಿತದ ಅಧ್ಯಾಪಕರು ಬೇಕಾಗಿಲ್ಲ.

ಕನ್ನಡ ಮಾಧ್ಯಮದ ಹುದ್ದೆಗಳಿಗೆ ಆಯೋಗವು ಪ್ರತ್ಯೇಕ ಪಟ್ಟಿ ಮಾಡುತ್ತದೆ. ಪಟ್ಟಿಗೆ ಸಾಮಾನ್ಯವಾಗಿ ಮೂರು ವರ್ಷ ಆಯುಸ್ಸು. ತೆರವುಗಳನ್ನು ಆಯೋಗಕ್ಕೆ ಸಕಾಲದಲ್ಲಿ ತಿಳಿಸದೆ, ದಿನಗೂಲಿಯಿಂದ ದಿನ ದೂಡಿದರೆ ಪಟ್ಟಿಯಲ್ಲಿದ್ದವರ ಹೆಸರು ಪಟ್ಟಿಯೊಂದಿಗೇ ಸತ್ತುಹೋಗುತ್ತದೆ, ಅವರು ತಲಪಾಡಿ ದಾಟಿ ಬೇರೆ ಕೆಲಸ ಹುಡುಕುತ್ತಾರೆ. ಪ್ರತಿಯೊಂದು ಕನ್ನಡ ಶಾಲೆಯ ರಕ್ಷಕ-ಶಿಕ್ಷಕ ಸಂಘವೂ ಈ ತಿಂಗಳ ಸಭೆಯಲ್ಲಿ ತನ್ನ ಶಾಲೆಯ ತೆರವುಗಳನ್ನು ದಾಖಲಿಸಲಿ. ಅವನ್ನು ಆಯೋಗಕ್ಕೆ ಯಾವ ದಿನಾಂಕದಂದು ವರದಿ ಮಾಡಲಾಗಿದೆಯೆಂದು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಜಿಲ್ಲೆಯ ಶಿಕ್ಷಣ ಕಚೇರಿಯನ್ನು ಕೇಳಲಿ. ಬಂದ ಉತ್ತರಗಳನ್ನು ನಮಗೆ ಕಳುಹಿಸಿದರೆ, ಶಾಲೆಯ ಹೆಸರೂ ತೆರವಾದ ದಿನಾಂಕವೂ ಸಹಿತ ಈ ಪುಟದಲ್ಲಿಯೇ ಪ್ರಕಟಿಸುತ್ತೇವೆ.